ಕಾಗುಣಿತ ತಪ್ಪಿದ ಒಳ್ಳೆಯ ಪ್ರಬಂಧಕ್ಕೆ ಎಷ್ಟು ಅಂಕ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೆಯ ತರಗತಿಯ ಎರಡು ವಿಭಾಗ ಸೇರಿ ತೊಂಬತ್ತು ಮಕ್ಕಳಿದ್ದಾರೆ. ‘ನೀರಿನ ಮಹತ್ವ’ ಎಂಬ ವಿಷಯ ಕೊಟ್ಟು ಹತ್ತು ಅಂಕಕ್ಕೆ ಪ್ರಬಂಧ ಬರೆಸಿದೆ. ಒಬ್ಬ ಹುಡುಗಿ ದುಂಡಗಿನ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಎರಡು ಪುಟ ಬರೆದಳು, ಎಂಟು ಕೊಟ್ಟೆ. ಒಬ್ಬ ಹುಡುಗ ಬರೆದದ್ದು ಮುಕ್ಕಾಲು ಪುಟ, ಸಾಲು ಸಾಲಿಗೂ ತಪ್ಪು, ಆದರೆ ತನ್ನ ಮನೆಯ ನೀರಿನ ಕತೆ, ನಾಲ್ಕು ಕೊಟ್ಟೆ. ಮನೆಗೆ ಹೋದ ಮೇಲೂ ಆ ಹುಡುಗನ ಬರಹವೇ ತಲೆಯಲ್ಲಿ ಸುಳಿಯುತ್ತಿತ್ತು. ಹುಡುಗಿಯದರಲ್ಲಿ ಒಂದು ವಾಕ್ಯವೂ ನೆನಪಾಗಲಿಲ್ಲ. ಮುಖ್ಯ ಶಿಕ್ಷಕರು ‘ಐದು ತಪ್ಪಿಗೆ ಒಂದು ಅಂಕ ಕಳೆಯಿರಿ, ತಕರಾರೇ ಇರುವುದಿಲ್ಲ’ ಎನ್ನುತ್ತಾರೆ. ಬರಹದ ಗುಣವನ್ನು ಅಳೆಯುವ ಸರಿಯಾದ ಕ್ರಮ ಯಾವುದು? ಎರಡೂ ಪ್ರಬಂಧಗಳ ಒಂದೊಂದು ಭಾಗವನ್ನು ಕಳುಹಿಸಿದ್ದೇನೆ.

ಉತ್ತರ: ಮೇಡಂ, ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ತಿದ್ದುವ ಮೊದಲೇ ಆರು ಪ್ರಬಂಧಗಳ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡೆ. ಮೂಲ ಪ್ರತಿಗಳನ್ನು ತಿದ್ದಿ ಮಕ್ಕಳಿಗೆ ಹಂಚಿದೆ. ಒಂದೂವರೆ ತಿಂಗಳ ಬಳಿಕ ಆ ಜೆರಾಕ್ಸ್ ಪ್ರತಿಗಳನ್ನು ಇನ್ನೊಂದು ಕಟ್ಟಿನ ನಡುವೆ ಸೇರಿಸಿ ಮತ್ತೆ ತಿದ್ದಿದೆ. ಆರರಲ್ಲಿ ನಾಲ್ಕಕ್ಕೆ ಬೇರೆ ಅಂಕ ಬಿದ್ದಿತ್ತು. ಒಂದಕ್ಕಂತೂ ಮೊದಲ ಸಲ ಏಳು ಕೊಟ್ಟವನು ಎರಡನೆಯ ಸಲ ಐದಕ್ಕೆ ಇಳಿಸಿದ್ದೆ. ಮಕ್ಕಳ ಮುಂದೆ ತಕ್ಕಡಿಯ ಮುಳ್ಳಿನ ಹಾಗೆ ನೆಟ್ಟಗೆ ಕೂರುತ್ತಿದ್ದವನಿಗೆ ಅಂದು ಊಟ ರುಚಿಸಲಿಲ್ಲ.

ಆಮೇಲೆ ತಿಳಿಯಿತು, ಇದು ನನ್ನೊಬ್ಬನ ಕತೆಯಲ್ಲ ಎಂದು. ಅಮೆರಿಕದಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬಿಬ್ಬರು 1912ರಲ್ಲಿ ಎರಡು ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ನೂರಾರು ಶಾಲೆಗಳಿಗೆ ಕಳುಹಿಸಿ, ನೂರಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದರು. ಒಂದೇ ಉತ್ತರಪತ್ರಿಕೆಗೆ ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟಿದ್ದರು. ಮತ್ತೊಂದಕ್ಕೆ 50ರಿಂದ 97ರವರೆಗೆ ಅಂಕ ಹರಡಿಕೊಂಡಿತ್ತು. ಅಂದರೆ ಒಂದೇ ಹಾಳೆ ಒಂದು ಊರಿನಲ್ಲಿ ಫೇಲು, ಪಕ್ಕದ ಊರಿನಲ್ಲಿ ಪ್ರಥಮ ದರ್ಜೆ.

ಆದರೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು 1961ರಲ್ಲಿ ಪಾಲ್ ಡೀಡರಿಕ್ ಮತ್ತು ಅವರ ಸಂಗಡಿಗರು ಪರೀಕ್ಷೆಗಳನ್ನು ರೂಪಿಸುವ ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆಯಲ್ಲಿ ಮಾಡಿದ ಅಧ್ಯಯನ. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳ 300 ಪ್ರಬಂಧಗಳು. ಓದುವವರು 53 ಮಂದಿ. ಅವರಲ್ಲಿ ಭಾಷಾ ಅಧ್ಯಾಪಕರ ಜೊತೆಗೆ ವಿಜ್ಞಾನ ಮತ್ತು ಸಮಾಜವಿಜ್ಞಾನದ ಅಧ್ಯಾಪಕರು, ಲೇಖಕರು, ಸಂಪಾದಕರು, ವಕೀಲರು, ವ್ಯಾಪಾರ ಸಂಸ್ಥೆಗಳ ಅಧಿಕಾರಿಗಳು ಎಲ್ಲರೂ ಇದ್ದರು. ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿ ಎಂದಷ್ಟೇ ಹೇಳಿದ್ದರು. ಹೇಗೆ ಎಂದು ಹೇಳಿರಲಿಲ್ಲ. 300ರಲ್ಲಿ ಶೇಕಡ 94ರಷ್ಟು ಪ್ರಬಂಧಗಳಿಗೆ ಏಳು ಅಥವಾ ಅದಕ್ಕಿಂತ ಹೆಚ್ಚು ಬೇರೆ ಬೇರೆ ದರ್ಜೆಗಳು ಸಿಕ್ಕಿದ್ದವು! ಇಲ್ಲಿಗೆ ನಿಲ್ಲಿಸಿದ್ದರೆ ಅದು ಬರೀ ಗೊಂದಲದ ವರದಿಯಾಗುತ್ತಿತ್ತು. ಡೀಡರಿಕ್ ಮುಂದೆ ಹೋಗಿ, ಯಾರ ಅಂಕ ಯಾರ ಅಂಕಕ್ಕೆ ಹೊಂದುತ್ತದೆ ಎಂದು ಲೆಕ್ಕ ಹಾಕಿದರು. ಓದುಗರು ಐದು ಗುಂಪುಗಳಾಗಿ ಒಡೆದರು. ಒಂದು ಗುಂಪು ವಿಚಾರವನ್ನು ನೋಡುತ್ತಿತ್ತು. ಒಂದು ಕಾಗುಣಿತ, ವ್ಯಾಕರಣ, ಚಿಹ್ನೆಗಳನ್ನು ನೋಡುತ್ತಿತ್ತು. ಒಂದು ಜೋಡಣೆಯನ್ನು, ಒಂದು ಪದಗಳ ಆಯ್ಕೆಯನ್ನು, ಕೊನೆಯದು ಬರೆದವರ ದನಿಯನ್ನು. ಅಂದರೆ ಅಂಕಗಳು ಬರೀ ಮನಸ್ಸಿಗೆ ಬಂದಂತೆ ಬಿದ್ದಿರಲಿಲ್ಲ. ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ, ಓದುಗರ ಅಳತೆಗೋಲುಗಳೇ ಬೇರೆಯಾಗಿದ್ದದ್ದು.

ನಿಮ್ಮ ಶಾಲೆಯಲ್ಲಿ ಆಗಿರುವುದೂ ಇದೇ. ಮುಖ್ಯ ಶಿಕ್ಷಕರು ಎರಡನೆಯ ಗುಂಪಿನವರು. ನೀವು ಹಗಲು ಎರಡನೆಯ ಗುಂಪಿನಲ್ಲಿದ್ದು, ರಾತ್ರಿ ಐದನೆಯ ಗುಂಪಿಗೆ ಸೇರಿದಿರಿ. ನಿದ್ದೆಗೆಟ್ಟದ್ದು ಅದಕ್ಕೇ.

ನಮ್ಮ ಭಾಷೆಯಲ್ಲೇ ಇದಕ್ಕೊಂದು ಸುಳಿವಿದೆ. ನಾವು ‘ಪೇಪರ್ ತಿದ್ದುತ್ತಿದ್ದೇನೆ’ ಎನ್ನುತ್ತೇವೆ. ಇಲಾಖೆಯ ಕಾಗದಗಳು ಅದನ್ನು ‘ಮೌಲ್ಯಮಾಪನ’ ಎನ್ನುತ್ತವೆ. ಇವೆರಡೂ ಒಂದೇ ಕೆಲಸವಲ್ಲ. ತಿದ್ದುವುದು ಎಂದರೆ ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆಯೇ ಮಗು ಬಳಪ ಆಡಿಸುವುದೂ ಹೌದು. ಅದರ ಕೈ ಹಿಡಿದು ನಾವು ಆಡಿಸುವುದೂ ಹೌದು. ಅಲ್ಲಿ ಬೆಲೆ ಕಟ್ಟುವ ಮಾತೇ ಇಲ್ಲ. ಮೌಲ್ಯಮಾಪನವೆಂದರೆ ಬೆಲೆ ಕಟ್ಟುವುದು, ಸಾಲಿನಲ್ಲಿ ನಿಲ್ಲಿಸುವುದು. ಒಂದೇ ಕೆಂಪು ಪೆನ್ನಿನಿಂದ, ಒಂದೇ ಓದಿನಲ್ಲಿ ಎರಡನ್ನೂ ಮಾಡಲು ಹೋದಾಗ ತಿದ್ದಿದ ಗೆರೆಗಳ ಸಂಖ್ಯೆಯೇ ನಮಗರಿವಿಲ್ಲದೆ ಬೆಲೆಯಾಗಿಬಿಡುತ್ತದೆ. ಕೆಂಪು ಹೆಚ್ಚಾದ ಹಾಳೆಗೆ ಕೈ ತಾನಾಗಿಯೇ ನಾಲ್ಕು ಬರೆಯುತ್ತದೆ.

ಈಗ ನೀವು ಕಳುಹಿಸಿದ ಭಾಗಗಳಿಗೆ ಬರೋಣ. ಹುಡುಗಿಯದು:

“ನೀರು ಜೀವಜಲ. ನೀರಿಲ್ಲದೆ ಯಾವ ಜೀವಿಯೂ ಬದುಕಲಾರದು. ಭೂಮಿಯ ಮುಕ್ಕಾಲು ಭಾಗವು ನೀರಿನಿಂದ ಆವೃತವಾಗಿದ್ದರೂ ಕುಡಿಯಲು ಯೋಗ್ಯವಾದ ನೀರು ಅತ್ಯಲ್ಪ. ಆದ್ದರಿಂದ ನಾವೆಲ್ಲರೂ ನೀರನ್ನು ಮಿತವಾಗಿ ಬಳಸಬೇಕು.”

ಹುಡುಗನದು:

“ನಮ್ಮ ಊರಿಗೆ ಎರಡು ದಿನಕ್ಕೆ ಒಂದು ಸಲ ನೀರು ಬಿಡುತಾರೆ. ರಾತ್ರಿ ಹನ್ನೊಂದು ಗಂಟೆಗೆ. ಅಮ್ಮ ಕೊಡಗಳನ್ನು ಸಾಲಿನಲಿ ಇಟ್ಟು ಮಲಗುತಾಳೆ. ನಲ್ಲಿ ಬುಸ್ ಅಂದರೆ ನಾನು ಮೊದಲು ಏಳಬೇಕು. ಅಜ್ಜಿ ಹೇಳುತಾಳೆ ಆಗ ಬಾವಿ ಹಿತ್ತು ಈಗ ಬಾವಿಯಲಿ ಕಸ ಐತೆ.”

ಹುಡುಗಿಯ ಭಾಗದಲ್ಲಿ ತಪ್ಪಿಲ್ಲ, ನಿಜ. ಆದರೆ ಅದರಲ್ಲಿ ಆ ಹುಡುಗಿಯೂ ಇಲ್ಲ. ಈ ನಾಲ್ಕು ವಾಕ್ಯಗಳನ್ನು ಬೀದರಿನಲ್ಲಿ ಕುಳಿತವರೂ ಬರೆಯಬಹುದು, ಮಡಿಕೇರಿಯ ಮಳೆಯಲ್ಲಿ ನೆನೆಯುತ್ತಿರುವವರೂ ಬರೆಯಬಹುದು. ಗೈಡಿನಿಂದ ಬಂದ ಮಾತು ಎಂದು ಅವಳನ್ನು ದೂರುವ ಮೊದಲು ಪ್ರಶ್ನೆಯನ್ನು ನೋಡಿ. ‘ನೀರಿನ ಮಹತ್ವ’ ಎಂದು ಕೇಳಿದ್ದು ನೀವು. ಮಹತ್ವ ಕೇಳಿದರೆ ಮಹತ್ವವೇ ಬರುತ್ತದೆ. ಗಾದೆ ವಿಸ್ತರಣೆ ಕೊಟ್ಟಾಗ ಮಕ್ಕಳೆಲ್ಲ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದೇ ಶುರುಮಾಡುವುದನ್ನು ನೀವು ನೋಡಿಲ್ಲವೇ? ಆ ಹುಡುಗಿ ಕೇಳಿದ್ದನ್ನು ಕೊಟ್ಟಿದ್ದಾಳೆ. ಅವಳ ಎಂಟನ್ನು ಪೂರ್ತಿ ಕಿತ್ತುಕೊಳ್ಳುವುದು ನ್ಯಾಯವಲ್ಲ. ಮುಂದಿನ ಸಲ ಪ್ರಶ್ನೆಯನ್ನೇ ಬದಲಿಸಿ: ‘ನಿಮ್ಮ ಮನೆಗೆ ನೀರು ಎಲ್ಲಿಂದ, ಹೇಗೆ ಬರುತ್ತದೆ? ಬಾರದಿದ್ದ ಒಂದು ದಿನ ಏನಾಯಿತು? ನಿಮ್ಮ ಊರನ್ನು ನೋಡಿರದ ಒಬ್ಬರಿಗೆ ತಿಳಿಯುವಂತೆ ಬರೆಯಿರಿ.’ ಗೈಡಿನಲ್ಲಿ ಇದಕ್ಕೆ ಉತ್ತರವಿಲ್ಲ. ಮೊಬೈಲಿನಲ್ಲಿ ಕೇಳಿ ಬರೆಸಿಕೊಂಡು ಬರುವ ಈಗಿನ ಚಾಳಿಗೂ ಇದು ಸ್ವಲ್ಪ ಮಟ್ಟಿನ ಮದ್ದು, ತರಗತಿಯಲ್ಲೇ ಬರೆಸುವುದಾದರೆ.

ಹುಡುಗನ ಭಾಗದಲ್ಲಿ ನೀವು ಏಳು ಕಡೆ ಸುತ್ತು ಹಾಕಿದ್ದೀರಿ. ಮುಖ್ಯ ಶಿಕ್ಷಕರ ಲೆಕ್ಕದಲ್ಲಿ ಐದು ವಾಕ್ಯಕ್ಕೇ ಹತ್ತಿರ ಹತ್ತಿರ ಒಂದೂವರೆ ಅಂಕ ಹೋಯಿತು. ಮುಕ್ಕಾಲು ಪುಟ ಮುಗಿಯುವಷ್ಟರಲ್ಲಿ ಅಂಕದ ಚೀಲ ಬರಿದಾಗುತ್ತದೆ. ಆದರೆ ತಪ್ಪುಗಳನ್ನು ಎಣಿಸದೆ ಜೋಡಿಸಿ ನೋಡಿ. ‘ಬಿಡುತಾರೆ’, ‘ಮಲಗುತಾಳೆ’, ‘ಹೇಳುತಾಳೆ’ — ಮೂರೂ ಒಂದೇ ತಪ್ಪು. ‘ಸಾಲಿನಲಿ’, ‘ಬಾವಿಯಲಿ’ — ಇವೆರಡೂ ಅದೇ ಜಾತಿಯವು. ಇವನಿಗೆ ಒತ್ತಕ್ಷರ ಬರುವುದಿಲ್ಲವೇ? ಬರುತ್ತದೆ. ‘ಅಮ್ಮ’, ‘ಅಜ್ಜಿ’, ‘ಹನ್ನೊಂದು’, ‘ಇಟ್ಟು’, ‘ನಲ್ಲಿ’ ಎಲ್ಲವೂ ಸರಿಯಾಗಿವೆ. ಎಡವುವುದು ಎರಡೇ ಕಡೆ: ಕ್ರಿಯಾಪದದ ‘ತ್ತ’ದಲ್ಲಿ, ವಿಭಕ್ತಿಯ ‘ಅಲ್ಲಿ’ಯಲ್ಲಿ. ಕಾರಣ ಅವನ ಕಿವಿ. ಮನೆಯಲ್ಲಿ ಅವನು ಕೇಳುವುದು ‘ಬಿಡ್ತಾರೆ’, ‘ಬಾವಿನಾಗೆ’. ಪುಸ್ತಕದ ರೂಪಕ್ಕೆ ಹತ್ತಿರ ಹೋಗಬೇಕೆಂದು ‘ಡ್’ಗೆ ಉಕಾರ ಕೊಟ್ಟ, ‘ನಾಗೆ’ಯನ್ನು ಬಿಟ್ಟು ‘ಅಲಿ’ ತಂದ. ಅರ್ಧ ದಾರಿ ನಡೆದಿದ್ದಾನೆ. ಉಳಿದರ್ಧವನ್ನು ಇಪ್ಪತ್ತು ನಿಮಿಷದ ಒಂದು ಪಾಠದಲ್ಲಿ ದಾಟಿಸಬಹುದು. ಅದನ್ನು ಬಿಟ್ಟು ಅದೇ ತಪ್ಪಿಗೆ ಐದು ಸಲ ದಂಡ ಹಾಕುವುದು ಒಂದೇ ಟಿಕೆಟ್‌ಗೆ ಐದು ಸಲ ಹಣ ಕೇಳಿದಂತೆ.

‘ಹಿತ್ತು’ ಇನ್ನೂ ಸ್ವಾರಸ್ಯದ್ದು. ‘ಆಲು’ ಅಲ್ಲವೋ ‘ಹಾಲು’ ಎಂದು ಯಾರೋ ಹಿಂದೆ ಅವನನ್ನು ಗದರಿಸಿರಬೇಕು. ಹಕಾರ ಬಿಡುವವನೆಂಬ ಅಪವಾದಕ್ಕೆ ಹೆದರಿ, ಬೇಡದ ಕಡೆಯೂ ಹಕಾರ ಅಂಟಿಸುತ್ತಾನೆ. ಇದು ಅಜ್ಞಾನದ ತಪ್ಪಲ್ಲ, ಎಚ್ಚರದ ತಪ್ಪು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಮೀನಾ ಶಾನೆಸಿ ಎಂಬ ಅಧ್ಯಾಪಕಿ 1970ರ ದಶಕದಲ್ಲಿ, ಬರೆಯುವುದರಲ್ಲಿ ತೀರಾ ಹಿಂದುಳಿದವರೆಂದು ಹಣೆಪಟ್ಟಿ ಹಚ್ಚಿಸಿಕೊಂಡ ವಿದ್ಯಾರ್ಥಿಗಳ ಸಾವಿರಾರು ಬರಹಗಳನ್ನು ಹೀಗೆಯೇ ಗುಡ್ಡೆ ಹಾಕಿ ನೋಡಿದರು. ತಪ್ಪುಗಳಿಗೆ ತಮ್ಮದೇ ತರ್ಕವಿದೆ ಎಂದು ಅವರು ತೋರಿಸಿಕೊಟ್ಟದ್ದು ಬರವಣಿಗೆ ಕಲಿಸುವವರ ಕಣ್ಣನ್ನೇ ಬದಲಿಸಿತು.

ಇನ್ನು ‘ಐತೆ’. ಅದು ತಪ್ಪೇ ಅಲ್ಲ. ಅಜ್ಜಿ ಆಡಿದ ಮಾತು ಅದು; ಅಜ್ಜಿ ‘ಇದೆ’ ಎಂದಿದ್ದರೆ ಅದು ಸುಳ್ಳಾಗುತ್ತಿತ್ತು. ಅಲ್ಲಿ ಬೇಕಾದದ್ದು ಉದ್ಧರಣ ಚಿಹ್ನೆ. ಸುತ್ತು ಹಾಕುವ ಬದಲು, ಅಜ್ಜಿಯ ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಚಿಹ್ನೆ ಹಾಕಿ ತೋರಿಸು ಎಂದು ಹೇಳಿ. ಅವನ ಸ್ವಂತ ನಿರೂಪಣೆಯಲ್ಲಿ ‘ಐತೆ’ ಬಂದರೆ ಆಗ ಮಾತು ಬೇರೆ. ಶಾಲೆ ಕಲಿಸಬೇಕಾದ ಬರಹದ ಕನ್ನಡವೊಂದಿದೆ. ಅದನ್ನು ಕಲಿಸದೆ ಬಿಡುವುದು ಉದಾರತೆಯಲ್ಲ, ಬಡ ಮಕ್ಕಳಿಗೆ ಮಾಡುವ ಮೋಸ. ಅದನ್ನು ಕಲಿಸಿ. ಆದರೆ ಮನೆಮಾತನ್ನು ಕಸವೆಂದು ಗುಡಿಸಬೇಡಿ. ದೇಸಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಎಣಿಸಹೊರಟರೆ ನಾಗರಾಜ ವಾಸುಕಿಗೂ ಬೇಸರ ಬಂದೀತು ಎಂದು 9ನೇ ಶತಮಾನದ ಕವಿರಾಜಮಾರ್ಗವೇ ಹೇಳಿದೆ. ನಿಮ್ಮ ಮುಖ್ಯ ಶಿಕ್ಷಕರ ಐದಕ್ಕೊಂದು ಸೂತ್ರಕ್ಕೆ ಕನ್ನಡದಲ್ಲಿ ಇದಕ್ಕಿಂತ ಹಳೆಯ ಉತ್ತರ ಸಿಗಲಾರದು. (ಅವರಿಗೆ ಹಾಗೆಯೇ ಹೇಳಿಬಿಡಬೇಡಿ. ಅವರ ಸೂತ್ರದ ಹಿಂದಿರುವುದು ಪೋಷಕರ ತಕರಾರಿನ ಭಯ, ಅದು ಸುಳ್ಳು ಭಯವೂ ಅಲ್ಲ. ಎಣಿಸಿದ್ದನ್ನು ತೋರಿಸಬಹುದು, ಓದಿದ್ದನ್ನು ತೋರಿಸುವುದು ಕಷ್ಟ.)

ಹುಡುಗನ ಬರಹದಲ್ಲಿ ಗುಣ ಎಲ್ಲಿದೆ ಎನ್ನುವುದನ್ನೂ ಬೆರಳಿಟ್ಟು ಹೇಳಬೇಕು. ‘ಮನಸ್ಸಿಗೆ ತಟ್ಟಿತು’ ಎಂದರೆ ಸಾಲದು. ತಟ್ಟಿದ್ದಕ್ಕೆ ಅಂಕ ಕೊಡಲು ಹೊರಟರೆ ನಾಳೆ ಎಲ್ಲ ಮಕ್ಕಳೂ ಅಜ್ಜಿಯನ್ನು ಸಾಯಿಸಿ ಬರೆಯುತ್ತಾರೆ. ‘ರಾತ್ರಿ ಹನ್ನೊಂದು ಗಂಟೆಗೆ’ ಎಂಬುದನ್ನು ಒಂಟಿ ವಾಕ್ಯವಾಗಿ ನಿಲ್ಲಿಸಿದ್ದಾನೆ. ಓದುವವರ ಉಸಿರು ಅಲ್ಲಿ ತಡೆಯುತ್ತದೆ. ಸಾಲಾಗಿಟ್ಟ ಕೊಡಗಳಿಂದ ಇಡೀ ಮನೆಯ ರಾತ್ರಿ ಕಾಣುತ್ತದೆ. ಕೊನೆಯ ವಾಕ್ಯದಲ್ಲಿ ಎರಡು ತಲೆಮಾರಿನ ನೀರು ಪಕ್ಕಪಕ್ಕ ನಿಂತಿದೆ, ಮತ್ತು ಹುಡುಗ ಅದಕ್ಕೆ ಉಪದೇಶ ಸೇರಿಸಿಲ್ಲ. ಇವು ಬರಹದ ಗುಣಗಳು, ಸಾಕ್ಷಿ ಸಮೇತ ತೋರಿಸಬಹುದಾದವು. ಕೊರತೆಯೂ ಇದೆ: ಬಾವಿಯ ಮಾತು ಬಂದಕೂಡಲೇ ಬರಹ ಮುಗಿದುಹೋಗುತ್ತದೆ. ನಿಜವಾದ ಪ್ರಬಂಧ ಶುರುವಾಗಬೇಕಿದ್ದದ್ದು ಅಲ್ಲಿಂದ.

ಹಾಗಾದರೆ ತೊಂಬತ್ತು ಹಾಳೆಗಳನ್ನು ಇಟ್ಟುಕೊಂಡು ಕೂರುವುದು ಹೇಗೆ? ನಾನು ಮಾಡಿಕೊಂಡು ಬಂದದ್ದನ್ನು ಹೇಳುತ್ತೇನೆ. ಹೆಸರು ಕಾಣದಂತೆ ಮೇಲಿನ ಅಂಚನ್ನು ಮಡಚಿ, ಕಟ್ಟನ್ನು ಕಲೆಸಿಬಿಡಿ. ಹಾಜರಿ ಸಂಖ್ಯೆಯ ಕ್ರಮದಲ್ಲಿ ಓದಿದರೆ ಜಾಣೆಯ ನಂತರ ಬರುವ ಪಾಪದವನಿಗೆ ಪ್ರತಿ ಸಲವೂ ಏಟು. ಮೊದಲ ಓದಿಗೆ ಪೆನ್ನನ್ನು ಮುಟ್ಟಬೇಡಿ. ಹಾಳೆಗೆ ಎರಡು ನಿಮಿಷದಂತೆ ಮೂರು ಗಂಟೆಯಲ್ಲಿ ಮುಗಿಯುತ್ತದೆ; ಎರಡು ದಿನಕ್ಕೆ ಹಂಚಿಕೊಳ್ಳಿ. ಓದುತ್ತ ಮೂರು ಗುಡ್ಡೆ ಮಾಡಿ. ಆಮೇಲೆ ಪ್ರತಿ ಗುಡ್ಡೆಯಿಂದ ನಡುಮಟ್ಟದ ಒಂದೊಂದು ಹಾಳೆ ತೆಗೆದು ಮೇಜಿನ ಮೇಲಿಡಿ. ಇವೇ ನಿಮ್ಮ ಪಡಿ, ಸೇರು, ಪಾವು. ಅನುಮಾನ ಬಂದ ಹಾಳೆಯನ್ನು ಮನಸ್ಸಿನಲ್ಲಿರುವ ಯಾವುದೋ ಆದರ್ಶ ಪ್ರಬಂಧದ ಜೊತೆಗಲ್ಲ, ಈ ಮೂರರ ಜೊತೆಗೆ ಹೋಲಿಸಿ. ಒಂದು ಬರಹಕ್ಕೆ ‘ಹತ್ತಕ್ಕೆ ಎಷ್ಟು’ ಎಂದು ಹೇಳುವುದಕ್ಕಿಂತ ‘ಎರಡರಲ್ಲಿ ಯಾವುದು ಮೇಲು’ ಎಂದು ಹೇಳುವುದರಲ್ಲಿ ಮನುಷ್ಯರು ಹೆಚ್ಚು ಗಟ್ಟಿ. ಮನೋವಿಜ್ಞಾನಿ ಲೂಯಿಸ್ ಥರ್ಸ್ಟನ್ 1927ರಲ್ಲಿ ಈ ಹೋಲಿಕೆಗೆ ಗಣಿತದ ರೂಪ ಕೊಟ್ಟರು. ಇಂಗ್ಲೆಂಡಿನ ಹಲವು ಶಾಲೆಗಳು ಮಕ್ಕಳ ಬರಹವನ್ನು ಇಂದು ಇದೇ ಜೋಡಿ ಹೋಲಿಕೆಯಿಂದ ಅಳೆಯುತ್ತವೆ.

ಮಾನದಂಡವೂ ಬೇಕು, ಆದರೆ ಉದ್ದ ಬೇಡ. ಹನ್ನೆರಡು ಕಲಮುಗಳ ತಖ್ತೆ ಮಾಡಿದವರನ್ನು ನೋಡಿದ್ದೇನೆ. ಮೂರನೆಯ ಹಾಳೆಗೇ ಅದು ಮೂಲೆ ಸೇರುತ್ತದೆ. ಹತ್ತು ಅಂಕಕ್ಕೆ ನನ್ನ ಹಂಚಿಕೆ ಇದು: ಹೇಳಿದ್ದರಲ್ಲಿ ಹುರುಳಿದೆಯೇ, ವಿವರವಿದೆಯೇ ಎಂಬುದಕ್ಕೆ ನಾಲ್ಕು, ಒಂದು ಮಾತಿನಿಂದ ಇನ್ನೊಂದಕ್ಕೆ ದಾರಿ ಇದೆಯೇ ಎಂಬುದಕ್ಕೆ ಎರಡು, ಪದ ಮತ್ತು ವಾಕ್ಯದ ಹಿಡಿತಕ್ಕೆ ಎರಡು, ಕಾಗುಣಿತ, ಚಿಹ್ನೆಗಳಿಗೆ ಎರಡು. ಕಾಗುಣಿತ ಎಷ್ಟೇ ಕೆಟ್ಟಿರಲಿ ಆ ಎರಡನ್ನು ಮೀರಿ ಕಳೆಯುವಂತಿಲ್ಲ. ‘ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ’ ಎಂದು ತಲೆಬರಹ ಹಾಕಿದ ಮಾತ್ರಕ್ಕೆ ಜೋಡಣೆಯ ಅಂಕ ಸಿಗುವುದಿಲ್ಲ. ಫಲಕ ನೆಟ್ಟರೆ ರಸ್ತೆಯಾಗುವುದಿಲ್ಲವಲ್ಲ. ಅಕ್ಷರದ ಅಂದಕ್ಕೆ ಅಂಕವಿಲ್ಲ. ಒಂದೇ ಪ್ರಬಂಧವನ್ನು ಎರಡು ಕೈಬರಹದಲ್ಲಿ ಬರೆಸಿ ಓದಿಸಿದ ಪ್ರಯೋಗಗಳಲ್ಲಿ ದುಂಡಕ್ಷರದ ಪ್ರತಿಗೆ ಹೆಚ್ಚು ಅಂಕ ಬಿದ್ದದ್ದು ಮತ್ತೆ ಮತ್ತೆ ಕಂಡಿದೆ. ಉದ್ದಕ್ಕೂ ಅಂಕವಿಲ್ಲ. ಉತ್ತರವನ್ನು ಗೇಣು ಹಾಕಿ ಅಳೆಯುವ ಮೇಷ್ಟ್ರ ಬಗ್ಗೆ ಮಕ್ಕಳು ಆಡಿಕೊಳ್ಳುವುದು ಪೂರ್ತಿ ಸುಳ್ಳೇನಲ್ಲ. ಅರ್ಧ ಅಂಕಗಳನ್ನಂತೂ ಬಿಟ್ಟುಬಿಡಿ. ಒಂದಂಕದ ಮಟ್ಟಿಗೇ ತೂಗಾಡುವ ಕೈಗೆ ಅರ್ಧದ ನಿಖರತೆ ಎಲ್ಲಿಂದ ಬರಬೇಕು?

ಪಕ್ಕದ ಶಾಲೆಯ ಕನ್ನಡ ಶಿಕ್ಷಕರೊಬ್ಬರೊಡನೆ ಹತ್ತು ಹಾಳೆ ಅದಲುಬದಲು ಮಾಡಿಕೊಳ್ಳಲು ಸಾಧ್ಯವಾದರೆ ಮಾಡಿ. ಎರಡು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಹಾಳೆಗಳ ಬಗ್ಗೆ ಮಾತ್ರ ಚಹಾ ಕುಡಿಯುತ್ತ ಜಗಳವಾಡಿ. ಮೌಲ್ಯಮಾಪನದ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದನ್ನು ಇಂಥ ಜಗಳಗಳಲ್ಲೇ ಕಲಿತೆ.

ಅಂಕ ಮುಗಿಯಿತು, ಈಗ ತಿದ್ದುವ ಕೆಲಸ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಐದು, ಆರನೆಯ ತರಗತಿಯ ಮಕ್ಕಳಿಗೆ ಪದ ಕಟ್ಟುವಂಥ ಕೆಲಸಗಳನ್ನು ಕೊಟ್ಟು, ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟರು. ಮುಂದಿನ ಕೆಲಸದಲ್ಲಿ ಮೇಲೆ ಬಂದವರು ಟಿಪ್ಪಣಿ ಮಾತ್ರ ಪಡೆದವರು. ಎರಡನ್ನೂ ಪಡೆದವರು ಬರೀ ಅಂಕ ಪಡೆದವರ ಜೊತೆಗೇ ಉಳಿದರು. ಅದು ಪ್ರಬಂಧದ ಪ್ರಯೋಗವಲ್ಲ, ಆದರೆ ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತಿರುವ ಮಾತು ಅದರಲ್ಲಿದೆ: ಅಂಕ ಕಂಡ ಕಣ್ಣು ಟಿಪ್ಪಣಿಗೆ ಇಳಿಯುವುದಿಲ್ಲ, ಪಕ್ಕದವನ ಅಂಕಕ್ಕೆ ಹೊರಳುತ್ತದೆ. ಆದ್ದರಿಂದ ಅಂಕವನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಂಡು, ಹಾಳೆಯನ್ನು ಟಿಪ್ಪಣಿಯೊಡನೆ ಮಾತ್ರ ಮರಳಿಸಿ. ಮತ್ತೊಮ್ಮೆ ಬರೆಸಿ. ಆಮೇಲೆ ಅಂಕ ಹೇಳಿ. ತೊಂಬತ್ತೂ ಮಕ್ಕಳಿಗೆ ಒಂದೇ ಸಲ ಟಿಪ್ಪಣಿ ಬರೆಯಲು ಹೋದರೆ ನೀವು ಉಳಿಯುವುದಿಲ್ಲ. ಸಲಕ್ಕೆ ಮೂವತ್ತರಂತೆ ಸರದಿ ಮಾಡಿ.

ಟಿಪ್ಪಣಿ ಎಂದರೆ ‘ಉತ್ತಮ’, ‘ಪ್ರಗತಿ ಬೇಕು’, ‘ಬರವಣಿಗೆ ಸುಧಾರಿಸಲಿ’ ಅಲ್ಲ. ಇವು ಹಾಳೆಯನ್ನು ಓದದೆಯೂ ಬರೆಯಬಹುದಾದ ಮಾತುಗಳು, ಹಾಗೆಂದು ಮಕ್ಕಳಿಗೂ ಗೊತ್ತು.

ಹತ್ತನೆಯ ತರಗತಿಯ ಚಿಂತೆ ನಿಮಗೆ ಇದ್ದೇ ಇರುತ್ತದೆ. ಪಬ್ಲಿಕ್ ಪರೀಕ್ಷೆಯ ಮೌಲ್ಯಮಾಪಕರ ಮುಂದೆ ಕಟ್ಟು ದೊಡ್ಡದು, ಹೊತ್ತು ಚಿಕ್ಕದು. ಅವರು ಪೀಠಿಕೆ, ಉಪಸಂಹಾರಗಳನ್ನು ಹುಡುಕುತ್ತಾರೆ. ಆ ವಿನ್ಯಾಸವನ್ನು ಮಕ್ಕಳಿಗೆ ಕಲಿಸಿ, ಸಮವಸ್ತ್ರ ತೊಡಿಸುವ ಹಾಗೆ. ಪರೀಕ್ಷೆಗೆ ಹೋಗುವಾಗ ಹಾಕಿಕೊಳ್ಳಲಿ. ಆದರೆ ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಕೆಯ ನಡುವೆ ತರಗತಿಯಲ್ಲೇ ಮಾಡುವ ಮೌಲ್ಯಮಾಪನ, ಪೂರ್ತಿ ನಿಮ್ಮ ಕೈಯಲ್ಲಿದೆ. ಅಲ್ಲಿಯೂ ಗೈಡಿನ ಪ್ರಬಂಧಕ್ಕೇ ಎಂಟು ಕೊಟ್ಟರೆ ಮಕ್ಕಳು ಬರೆಯುವುದನ್ನು ಕಲಿಯಲು ಬೇರೆ ಜಾಗವೇ ಉಳಿಯುವುದಿಲ್ಲ.

ನಾನಾಗಿದ್ದರೆ ಎಷ್ಟು ಕೊಡುತ್ತಿದ್ದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಹಂಚಿಕೆಯಲ್ಲಿ ಹುಡುಗಿಗೆ ಹುರುಳಿಗೆ ಒಂದು, ಜೋಡಣೆಗೆ ಎರಡು, ಭಾಷೆಗೆ ಒಂದು, ಕಾಗುಣಿತಕ್ಕೆ ಎರಡು: ಒಟ್ಟು ಆರು. ಹುಡುಗನಿಗೆ ಹುರುಳಿಗೆ ಮೂರು, ಜೋಡಣೆಗೆ ಒಂದು, ಭಾಷೆಗೆ ಎರಡು, ಕಾಗುಣಿತಕ್ಕೆ ಸೊನ್ನೆ: ಅವನಿಗೂ ಆರು. ಸಂಖ್ಯೆ ಒಂದೇ ಆದರೂ ಮುಂದಿನ ಪಾಠ ಇಬ್ಬರಿಗೂ ಬೇರೆ. ಈಗಾಗಲೇ ಕೊಟ್ಟಿರುವ ಎಂಟನ್ನು ಇಳಿಸಬೇಡಿ, ಅದು ನಿಮ್ಮ ಪ್ರಶ್ನೆಗೆ ಸಂದ ಅಂಕ. ಹುಡುಗನ ನಾಲ್ಕನ್ನು ಮಾತ್ರ ಏರಿಸಿ. ಹುಡುಗಿಯ ಹಾಳೆಯಲ್ಲಿ ಹೀಗೆ ಬರೆಯಿರಿ: ‘ವಾಕ್ಯಗಳೆಲ್ಲ ಸರಿಯಾಗಿವೆ. “ಮಿತವಾಗಿ ಬಳಸಬೇಕು” ಎಂದಿದ್ದೀಯೆ. ನಿನ್ನ ಮನೆಯಲ್ಲಿ ಯಾರು, ಹೇಗೆ ಮಿತವಾಗಿ ಬಳಸುತ್ತಾರೆ? ಆ ಒಬ್ಬರ ಬಗ್ಗೆ ಹತ್ತು ಸಾಲು ಬರೆದು ತಾ.’ ಹುಡುಗನ ಹಾಳೆಯಲ್ಲಿ: ‘ಕೊಡಗಳ ಸಾಲು ನನಗೆ ಕಣ್ಣಿಗೆ ಕಟ್ಟಿತು. “ಬಿಡುತ್ತಾರೆ” ಎಂಬುದನ್ನು ನೋಡಿಕೊಂಡು ಅಂಥ ಉಳಿದ ಪದಗಳನ್ನು ನೀನೇ ಹುಡುಕಿ ಸರಿಮಾಡು. ಆಮೇಲೆ ಅಜ್ಜಿಯನ್ನು ಕೇಳಿಕೊಂಡು ಬಾ, ಬಾವಿಗೆ ಮೊದಲು ಕಸ ಹಾಕಿದ್ದು ಯಾವಾಗ, ಯಾಕೆ ಎಂದು.’